ಮೇಸ್ತ್ರಿಗೆ ಆಗದ ಮಾತು

ನಮ್ಮ ವಿಮಾನ ನಿಲ್ದಾಣ ಅಂದರೆ ನೀವು ಅಂದುಕೊಂಡಂಥದ್ದೇನಲ್ಲ. ಗಾಜಿನ ಬಾಗಿಲು, ತಣ್ಣನೆಯ ಹಜಾರ, ನಗುನಗುತ್ತ ಸ್ವಾಗತಿಸುವವರು ಎಲ್ಲ ಬೇರೆ ಕಡೆ. ಇಲ್ಲಿರುವುದು ಒಂದು ರನ್‌ವೇ, ತಗಡಿನ ದೊಡ್ಡ ಶೆಡ್ಡು, ಅದಕ್ಕೆ ಅಂಟಿಕೊಂಡ ನನ್ನ ರೇಡಿಯೋ ಕೋಣೆ, ಮೂರು ಸಣ್ಣ ವಿಮಾನ. ಬೆಟ್ಟದಾಚೆಯ ಊರುಗಳಿಗೆ ಔಷಧಿ, ಅಂಚೆ, ಪಂಪಿನ ಬಿಡಿಭಾಗ ಸಾಗಿಸುವುದು ನಮ್ಮ ಕೆಲಸ. ಆ ಮೂರೂ ವಿಮಾನಗಳನ್ನು ಸುಸ್ಥಿತಿಯಲ್ಲಿ ಇಡುತ್ತಿದ್ದವರು ಒಬ್ಬರೇ ಮೆಕ್ಯಾನಿಕ್. ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದೆವು. ಅವರ ಬಗ್ಗೆ ಈಗ ಕಂಡಕಂಡವರೆಲ್ಲ ಮಾತಾಡುತ್ತಾರೆ, ಅವರನ್ನು ಒಂದು ದಿನವೂ ನೋಡದವರು ಸಹ. ಕೇಳಿ ಕೇಳಿ ನನಗೆ ಸಾಕಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಮೇಸ್ತ್ರಿ ಶುರುಮಾಡಿದ್ದು ಸೈಕಲ್ ರಿಪೇರಿಯಿಂದ. ಅಲ್ಲಿಂದ ಮೋಟಾರ್ ಗ್ಯಾರೇಜು, ಗ್ಯಾರೇಜಿನಿಂದ ಇಲ್ಲಿಗೆ. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಹಟ ಬಿಡದೆ ಮತ್ತೆ ಕೂತು ಲೈಸೆನ್ಸ್ ತೆಗೆದುಕೊಂಡವರು. ಹೆಂಡತಿ ಬೇಗ ತೀರಿಕೊಂಡರು. ಮಗಳು ದಿನಾ ಶಾಲೆ ಬಿಟ್ಟ ಮೇಲೆ ಸೀದಾ ಶೆಡ್ಡಿಗೆ ಬಂದು ಹಳೇ ಟೈರಿನ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ನನ್ನ ಕೋಣೆಯಲ್ಲಿ ಫ್ಯಾನಿದೆ ಬಾರೇ ಅಂದರೆ ಬರುತ್ತಿರಲಿಲ್ಲ. ಅಪ್ಪ ಬೈಯುವುದನ್ನು ಕೇಳುತ್ತ ಕೂರಬೇಕಿತ್ತು ಅವಳಿಗೆ. ಅಪ್ಪನಿಗೋ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಸ್ಪ್ಯಾನರ್ ಕಾಣದಿದ್ದರೆ ಸ್ಪ್ಯಾನರಿಗೇ ಬೈಗುಳ. ಊರೆಲ್ಲ ಹುಡುಕಿಸಿದ ಮೇಲೆ ಅದು ಅವರ ಜೇಬಿನಲ್ಲೇ ಸಿಗುತ್ತಿತ್ತು. ಆಗಲೂ ತಪ್ಪು ಸ್ಪ್ಯಾನರಿನದೇ.

ಆ ಮಗಳು ದೊಡ್ಡವಳಾಗಿ, ನಮ್ಮಲ್ಲೇ ಹೊಸದಾಗಿ ಸೇರಿದ್ದ ಪೈಲಟ್ ಒಬ್ಬನನ್ನು ಮೆಚ್ಚಿದಳು. ಹಾರುವವನಿಗೆ ಹೆಣ್ಣು ಕೊಡಲ್ಲ ಅಂತ ಮೇಸ್ತ್ರಿ ಒಂದಿಷ್ಟು ದಿನ ಕುಣಿದಾಡಿದರು, ಆಮೇಲೆ ಮೆತ್ತಗಾದರು. ಮದುವೆಯಾದ ಮೇಲೆ ಆ ಪೈಲಟ್ ನಮ್ಮೆಲ್ಲರ ಬಾಯಲ್ಲೂ ಅಳಿಯನಾದ. ಎಂಥ ಹುಡುಗ ಅಂತೀರಿ! ಉಳಿದ ಪೈಲಟ್‌ಗಳು ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತರೆ, ಇವನು ಮಾವ ಇವತ್ತು ಬೇಡ ಅಂದರೆ ಯಾಕೆ ಅಂತಲೂ ಕೇಳದೆ ಇಳಿದುಬರುತ್ತಿದ್ದ. ಮೇಸ್ತ್ರಿಗೆ ಅದರಿಂದ ಎಷ್ಟು ಹೆಮ್ಮೆಯೆಂದರೆ, ಹೊರಗೆ ತೋರಿಸಿಕೊಳ್ಳದಿರಲು ಅವನಿಗೆ ಇನ್ನೂ ಎರಡು ಮಾತು ಜಾಸ್ತಿ ಬೈಯುತ್ತಿದ್ದರು.

ಈಗ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಇಳಿದ ಪೈಲಟ್ ದಾರಿಯಲ್ಲಿ ಗಾಳಿ ಹೇಗಿತ್ತು ಅಂತ ಹೇಳಬೇಕು: ಹಗುರ, ಮಧ್ಯಮ, ಇಲ್ಲವೇ ಸಿವಿಯರ್. ಸಿವಿಯರ್ ಅಂದರೆ ವಿಮಾನ ಪೈಲಟ್ ಮಾತು ಕೇಳದೆ ಗಾಳಿ ಎಸೆದತ್ತ ಹೋಯಿತು ಅಂತ. ಆ ಮಾತು ಬಾಯಿಂದ ಬಿತ್ತೋ, ಮೇಸ್ತ್ರಿ ರೆಕ್ಕೆಯಡಿಯ ಮುಚ್ಚಳಗಳನ್ನೆಲ್ಲ ಬಿಚ್ಚಿ, ಟಾರ್ಚು ಕನ್ನಡಿ ಹಿಡಿದು, ಒಳಗಿನ ತೊಲೆಯನ್ನೂ ತಗಡು ಬಿಗಿದಿಡುವ ರಿವೆಟ್ಟುಗಳನ್ನೂ ಒಂದೊಂದಾಗಿ ನೋಡುವ ತನಕ ಆ ವಿಮಾನ ಮತ್ತೆ ಹಾರುವಂತಿಲ್ಲ. ಒಂದಿಡೀ ದಿನದ ಕೆಲಸ, ಬೆನ್ನು ಮುರಿಯುವಂಥದ್ದು. ಮೇಸ್ತ್ರಿ ಆ ಕೆಲಸದಲ್ಲಿ ಎಂದೂ ಕಳ್ಳಾಟ ಆಡಿದವರಲ್ಲ. ಆದರೆ ಅದನ್ನು ಮಾಡಿಸಿದ ಪೈಲಟ್‌ನ ಚರ್ಮ ಸುಲಿಯುತ್ತಿದ್ದರು. ಎರಡು ಸಲ ಕುಲುಕಿದ್ದಕ್ಕೇ ಸಿವಿಯರ್ರಾ, ಯಾವತ್ತಾದರೂ ಬಸ್ಸಿನ ಹಿಂದಿನ ಸೀಟಲ್ಲಿ ಕೂತಿದ್ದೀಯೇನಪ್ಪ ಅಂತ ಎಲ್ಲರೆದುರು ಕೇಳುತ್ತಿದ್ದರು. ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು, ನಾನೂ ನಗುತ್ತಿದ್ದೆ. ಬರಬರುತ್ತ ಆ ಮಾತು ನಮ್ಮಲ್ಲಿ ಕೇಳಿಬರುವುದೇ ನಿಂತುಹೋಯಿತು. ಎಂಥ ಗಾಳಿಗೆ ಸಿಕ್ಕಿ ಬಂದವರೂ ಮಧ್ಯಮ ಅಂತಿದ್ದರು. ಮಾಲೀಕರಿಗೂ ಅದೇ ಬೇಕಾಗಿತ್ತು, ವಿಮಾನ ಸುಮ್ಮನೆ ನಿಲ್ಲುವುದು ಯಾರಿಗೆ ಇಷ್ಟ?

ಅವತ್ತು ಮಗಳೂ ಅಳಿಯನೂ ಮನೆ ಬದಲಾಯಿಸುವವರಿದ್ದರು. ಹೊಸ ಬಾಡಿಗೆ ಮನೆ ಮಹಡಿ ಮೇಲೆ, ಮೆಟ್ಟಿಲು ಇಕ್ಕಟ್ಟು. ಸಾಮಾನು ತುಂಬಿದ ಟೆಂಪೋ ಸಾಯಂಕಾಲ ಬರುತ್ತದೆ, ಕಬ್ಬಿಣದ ಬೀರುವನ್ನು ಮೇಲೆ ಹತ್ತಿಸಲು ಮಾವನೂ ಅಳಿಯನೂ ಇಬ್ಬರೂ ಬೇಕು. ಬೆಳಿಗ್ಗೆ ಚಹಾ ಕುಡಿಯುತ್ತ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಅಂದರು, “ಇವತ್ತೊಂದಿನ ಯಾರೂ ಆ ಮಾತು ಎತ್ತಬೇಡ್ರಪ್ಪ. ನಂಗೆ ಬೀರು ಎತ್ತೋದಿದೆ.” ಎಲ್ಲರೂ ನಕ್ಕರು. ನಮ್ಮ ಹಿರಿಯ ಪೈಲಟ್, ಮೀಸೆ ಕ್ಯಾಪ್ಟನ್ ಅಂತ ಕರೆಯುತ್ತಿದ್ದೆವು, ಆಯ್ತು ಮೇಸ್ತ್ರಿ ಅಂತ ನಕ್ಕು ತಮ್ಮ ವಿಮಾನ ಹತ್ತಿದರು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಗೋಪುರದ ಹಾಗೆ ಎದ್ದಿತ್ತು. ಮೀಸೆ ಕ್ಯಾಪ್ಟನ್ ವಾಪಸ್ಸು ಇಳಿಯುವುದಕ್ಕೂ ಅಳಿಯ ಔಷಧಿ ಪೆಟ್ಟಿಗೆ ಹೇರಿಕೊಂಡು ಏರುವುದಕ್ಕೂ ಸರಿಹೋಯಿತು. ಕಣಿವೆ ಹೇಗಿದೆ ಅಂತ ಅಳಿಯ ರೇಡಿಯೋದಲ್ಲಿ ಕೇಳಿದ. ಮಧ್ಯಮ, ಸ್ವಲ್ಪ ಎತ್ತಿಹಾಕುತ್ತೆ, ಬೆಲ್ಟ್ ಬಿಗಿಮಾಡ್ಕೋ ಅಂತ ಕ್ಯಾಪ್ಟನ್ ಅಂದರು. ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಸಂಜೆಯೊಳಗೆ ಬರ್ತೀನಿ, ಮಾವನಿಗೆ ಹೇಳಿ ಅಂತ ನನಗೆ ಹೇಳಿ ಅಳಿಯ ಬೆಟ್ಟದ ಕಡೆ ತಿರುಗಿಕೊಂಡ.

ನನ್ನ ಕಿಟಕಿಗೆ ಶೆಡ್ಡಿನ ಮುಂಭಾಗ ಪೂರಾ ಕಾಣುತ್ತದೆ. ಕ್ಯಾಪ್ಟನ್ ಇಳಿದು ನಿಂತಿದ್ದರು, ಹಣೆಯ ಒಂದು ಬದಿ ಊದಿತ್ತು. ಮೇಸ್ತ್ರಿ ರೂಢಿಯಂತೆ ಬೆರಳ ಗೆಣ್ಣಿನಿಂದ ರೆಕ್ಕೆ ತಟ್ಟುತ್ತ ಬಂದವರು ರೆಕ್ಕೆಯ ಬುಡದಲ್ಲಿ ನಿಂತುಬಿಟ್ಟರು. ಅಲ್ಲಿನ ತಗಡು ಸುಕ್ಕಾಗಿತ್ತು. ಸಾಲು ರಿವೆಟ್ಟುಗಳ ಸುತ್ತ ಬಣ್ಣ ಬಿರಿದಿತ್ತು. ಮಧ್ಯಮ ಗಾಳಿ ಅಂಥ ಕೆಲಸ ಮಾಡುವುದಿಲ್ಲ. ಇದೇನು ಅಂತ ಕೇಳಿದರಂತೆ. ನಿಮ್ಮನ್ನ ಇವತ್ತು ಸಿಕ್ಕಿಸಬಾರದು ಅಂತಿದ್ದೆ ಮೇಸ್ತ್ರಿ, ನಾಳೆ ಬೆಳಿಗ್ಗೆ ಹೇಳೋಣ ಅಂತ, ಮೋಡ ಹೇಗೂ ಸರೀತಾ ಇತ್ತು ಅಂತ ಕ್ಯಾಪ್ಟನ್ ತಡವರಿಸಿದರಂತೆ. ಅಳಿಯನಿಗೆ ಏನು ಹೇಳಿದ್ರಿ ಅಂದಾಗ, ಅವನಿಗೂ ಮಧ್ಯಮ ಅಂತಲೇ ಹೇಳಿದೆ ಅಂದರಂತೆ.

ಮೇಸ್ತ್ರಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮಂಡಿನೋವಿನ ಮನುಷ್ಯ. ಬಾಗಿಲಿಗೆ ಭುಜ ಬಡಿದುಕೊಂಡು ಒಳಬಂದು, ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಹಿಂದೆ ಒಂದು ದಿನವೂ ಅದನ್ನು ಮುಟ್ಟಿದವರಲ್ಲ, ಯಾವ ಗುಂಡಿ ಒತ್ತಬೇಕೆಂದು ನಾನೇ ತೋರಿಸಬೇಕಾಯಿತು.

“ತಿರುಗ್ಸು. ಈಗ್ಲೇ ತಿರುಗ್ಸಿ ವಾಪಸ್ ಬಾ.”

ಆ ಕಡೆಯಿಂದ ಬರೀ ಗರಗರ. ಆಮೇಲೆ ಅಳಿಯನ ದನಿ ಬಂತು. ಯಾರೋ ಹಿಡಿದು ಅಲ್ಲಾಡಿಸುತ್ತಿದ್ದಾರೋ ಎಂಬಂತೆ ಮಾತು ತುಂಡು ತುಂಡಾಗಿತ್ತು.

“ಮಾವ? ಇಲ್ಲಿ ತುಂಬಾ… ಸರಿ ಮಾವ. ತಿರುಗಿಸ್ತಾ ಇದ್ದೀನಿ.”

ಅಷ್ಟೇ. ಆಮೇಲೆ ನಾನು ಕರೆದೆ, ಕ್ಯಾಪ್ಟನ್ ಬಂದು ಕರೆದರು, ಮೇಸ್ತ್ರಿ ಕರೆದರು. ಕತ್ತಲಾಗುವ ತನಕ ಕರೆದೆವು. ಮಗಳು ಹೊಸ ಮನೆಯಿಂದ ನನ್ನ ಮೇಜಿನ ಫೋನಿಗೆ ಎರಡು ಸಲ ಫೋನು ಮಾಡಿದಳು, ಟೆಂಪೋದವನು ಕಾಯಲ್ಲ ಅಂತಿದ್ದಾನೆ, ಇಬ್ಬರೂ ಎಲ್ಲಿ ಅಂತ. ಎರಡನೆಯ ಸಲ ಮೇಸ್ತ್ರಿಯೇ ಫೋನು ತೆಗೆದುಕೊಂಡು ಹೇಳಿದರು. ನಾನು ಹೊರಗೆ ಹೋಗಿ ನಿಂತೆ, ಕೇಳಿಸಿಕೊಳ್ಳುವ ಎದೆ ನನಗಿರಲಿಲ್ಲ.

ಮಾರನೆಯ ದಿನ ವಿಮಾನ ಸಿಕ್ಕಿತು. ಎಡರೆಕ್ಕೆ ಒಂದು ಇಳಿಜಾರಿನಲ್ಲಿ, ಉಳಿದದ್ದೆಲ್ಲ ದೂರದ ಇನ್ನೊಂದರಲ್ಲಿ. ಗಾಳಿಯಲ್ಲೇ ಮುರಿದಿತ್ತು. ಸದ್ಯ ಪ್ರಯಾಣಿಕರಿರಲಿಲ್ಲವಲ್ಲ ಅಂತ ಸಮಾಧಾನ ಹೇಳಲು ಬಂದವರಿದ್ದಾರೆ. ಅವರನ್ನು ನಾನು ಬಾಗಿಲಿನಿಂದಾಚೆಗೆ ಅಟ್ಟಿದ್ದೇನೆ.

ವಿಚಾರಣೆಗೆ ಬಂದ ಅಧಿಕಾರಿಗಳು ಒಳ್ಳೆಯವರೇ. ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅಂಥ ಗಾಳಿಯೊಳಗೆ ಹೊಕ್ಕ ಮೇಲೆ ವೇಗ ಇಳಿಸಿ ನೇರ ಹೋಗಬೇಕಂತೆ. ತಿರುಗಿಸಿದರೆ ರೆಕ್ಕೆಯ ಮೇಲೆ ಭಾರ ಹೆಚ್ಚುತ್ತದಂತೆ. ವಿಮಾನ ಮುರಿದದ್ದು ತಿರುವಿನಲ್ಲಿ. ಇದು ಅಳಿಯನಿಗೆ ತಿಳಿಯದ್ದೇನಲ್ಲ, ಯಾವ ಪೈಲಟ್‌ಗೂ ಮೊದಲು ಕಲಿಸುವ ಪಾಠ. ಮೇಸ್ತ್ರಿಗೆ ತಿಳಿದಿರಲಿಲ್ಲ, ಅವರ ಕೆಲಸವೆಲ್ಲ ನೆಲದ ಮೇಲಿನದು. ನೇರ ಹೋಗಿದ್ರೆ ಉಳೀತಿದ್ನಾ ಅಂತ ಅವರು ಕೇಳಿದರು. ಉಳಿದರೂ ಉಳಿಯಬಹುದಿತ್ತು, ಹೇಳುವುದು ಕಷ್ಟ ಅಂತ ಅಧಿಕಾರಿ ಅಂದರು. ಹೌದು ಅಂದಿದ್ದರೆ ಮೇಸ್ತ್ರಿ ಒಂದೇ ಸಲಕ್ಕೆ ಅಳುತ್ತಿದ್ದರು, ಇಲ್ಲ ಅಂದಿದ್ದರೆ ನಿದ್ದೆ ಮಾಡುತ್ತಿದ್ದರು.

ಕ್ಯಾಪ್ಟನ್ ತಪ್ಪು ತಮ್ಮದೊಬ್ಬರದೇ ಅಂದರು. ಬೆಳಗಿನ ಚಹಾದ ಹೊತ್ತಿನ ಮಾತನ್ನು ಬಾಯಿಬಿಡಲೇ ಇಲ್ಲ. ಮೇಸ್ತ್ರಿಯೇ ಎದ್ದುನಿಂತು ಹೇಳಿದರು, ಆ ಮಾತು ಆಡಬೇಡಿ ಅಂತ ಬೇಡಿಕೊಂಡಿದ್ದು ನಾನು, ಇಷ್ಟು ವರ್ಷ ಅದನ್ನು ಆಡಿದವರ ಮಾನ ಕಳೆದವನೂ ನಾನೇ ಅಂತ. ಕ್ಯಾಪ್ಟನ್ ಮತ್ತೆ ವಿಮಾನ ಹತ್ತಲಿಲ್ಲ. ಮೇಸ್ತ್ರಿಯನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಕಡಿಮೆ ಸಂಬಳಕ್ಕೆ ಅಂಥ ಕೈ ಇನ್ನೆಲ್ಲಿ ಸಿಗಬೇಕು? ಈಗ ಯಾರೂ ಏನೂ ಹೇಳದಿದ್ದರೂ, ಮೋಡ ದಾಟಿ ಬಂದ ಪ್ರತಿಯೊಂದು ವಿಮಾನವನ್ನೂ ಬಿಚ್ಚುತ್ತಾರೆ. ಯಾರಿಗೂ ಬೈಯುವುದಿಲ್ಲ. ಹೊಸ ಪೈಲಟ್‌ಗಳು ಅವರನ್ನು ಸಾಧು ಸ್ವಭಾವದವರು ಅನ್ನುತ್ತಾರೆ.

ಮಗಳು ತಂದೆಯ ಮನೆಗೇ ಬಂದಳು. ಇಬ್ಬರೂ ಒಂದೇ ಸೂರಿನಡಿ ಇದ್ದರೂ, ಅವತ್ತಿನದನ್ನು ಅವಳು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಬಿಡುವಿದ್ದಾಗ ನಾನು ಹೋಗಿ ಕೂತು ಬರುತ್ತಿದ್ದೆ. ಒಂದು ರಜೆಯ ಮಧ್ಯಾಹ್ನ ಅವಳು ಬಟ್ಟೆ ಮಡಚುತ್ತ, ತಲೆ ಎತ್ತದೆಯೇ ನನ್ನನ್ನು ಕೇಳಿದಳು, ಅಕ್ಕ, ಕೊನೆಗೆ ರೇಡಿಯೋದಲ್ಲಿ ಅವರು ಏನಂದರು ಅಂತ. ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದರು. ಅವರೇ ಹೇಳಿದರು. ತಾವು ಮೈಕು ಹಿಡಿದದ್ದು, ತಿರುಗಿಸು ಅಂದದ್ದು, ಅವನು ಸರಿ ಮಾವ ಅಂದದ್ದು, ತಿರುವಿನಲ್ಲೇ ಮುರಿದದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಅವಳ ಕೈಯಲ್ಲಿದ್ದ ಬಟ್ಟೆ ಹಾಗೇ ಇತ್ತು.

“ಯಾಕಪ್ಪ ಹಾಗೆ ಹೇಳಿದ್ರಿ?”

“ಅವನು ವಾಪಸ್ ಬರ್ಲಿ ಅಂತ.”

ಅವಳು ಬಟ್ಟೆ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ತಂದೆಯ ಮುಖವನ್ನೇ ನೋಡುತ್ತ ಸಣ್ಣ ದನಿಯಲ್ಲಿ ಅಂದಳು.

“ನಾನಿದ್ರೂ ಅದನ್ನೇ ಹೇಳ್ತಿದ್ದೆ. ಆದ್ರೆ ನನ್ನ ಮಾತು ಅವರು ಯಾವತ್ತೂ ಕೇಳಿದೋರಲ್ಲ. ನೇರ ಹೋಗಿರ್ತಿದ್ರು. ಬದುಕಿರ್ತಿದ್ರು.”

ಹಾಗೆ ಹೇಳಲಿಕ್ಕಾಗದಮ್ಮ, ಅಧಿಕಾರಿಗಳೇ ಹೇಳಲಿಲ್ಲ ಅಂತ ನಾನು ಬಾಯಿ ತೆರೆದೆ, ಮೇಸ್ತ್ರಿ ಕೈ ಎತ್ತಿ ನನ್ನನ್ನು ತಡೆದರು.

“ಹೌದಮ್ಮ,” ಅಂದರು.