ಟೈಲರ್ ತಗೊಂಡ ಅಳತೆ

ಹೊಟ್ಟೆಗೆ ಅಂಟಿಸುವ ಮಲದ ಚೀಲ ಬದಲಿಸೋದು ಹೇಳಿಕೊಡಲು ಮನೆಮನೆಗೆ ಹೋಗುವ ನರ್ಸು ನಾನು. ಹೊಳಲ್ಕೆರೆಯ ಟೈಲರ್ ಒಬ್ಬರಿಗೆ ಕರುಳಿನ ಆಪರೇಷನ್ ಆದಮೇಲೆ ಚೀಲ ದಿನಾ ಸೋರಿ, ಚರ್ಮ ಸುಟ್ಟಂತಾಗಿತ್ತು. ನಾಚಿಕೆಯಿಂದ ಅಂಗಡಿಗೇ ಹೋಗಿರಲಿಲ್ಲ. ಹೆಂಡತಿ ಚೀಲ ಬದಲಿಸುವಾಗ ಇವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ.

ಅವತ್ತೂ ಕಣ್ಣು ಮುಚ್ಚಿ ಮಲಗಿದ್ದವರು, ಚೀಲವನ್ನು ಹೊಟ್ಟೆಗೆ ಅಂಟಿಸುವ ಬಿಲ್ಲೆಯಲ್ಲಿ ನಾನು ತೂತು ಕತ್ತರಿಸುವ ಸದ್ದಿಗೆ ಕಣ್ಣು ಬಿಟ್ಟರು.

"ಏನ್ರಿ ಸಿಸ್ಟರ್, ಅಳತೆ ತಗೊಳ್ದೆ ಅಂದಾಜಿಗೆ ಕತ್ತರಿಸ್ತೀರಲ್ಲ! ಕೊರಳು ಹಿಂಗೆ ಕತ್ತರಿಸಿದ್ರೆ ಬ್ಲೌಸು ವಾಪಸ್ ಬರ್ತೈತೆ. ಕೊಡ್ರಿ ಇಲ್ಲಿ."

ಮಲ ಹೊರಬರಲು ಆಪರೇಷನ್‌ನಲ್ಲಿ ಹೊಟ್ಟೆಯ ಮೇಲೆ ಮಾಡಿದ್ದ ಕರುಳಿನ ಬಾಯಿಯನ್ನು ಮೊದಲ ಸಲ ನೋಡಿದರು. ಟೇಪು ಹಿಡಿದು ಅಳೆದು, ತಾವೇ ಹೊಸ ಬಿಲ್ಲೆಯಲ್ಲಿ ಅದೇ ಅಳತೆಗೆ ತೂತು ಕತ್ತರಿಸಿ ಅಂಟಿಸಿದರು.

ಮುಂದಿನ ವಾರ ಹೋದಾಗ ಅಂಗಡಿಯಲ್ಲೇ ಸಿಕ್ಕರು. ಚೀಲ ಈಗಲೂ ಸೋರುತ್ತಾ ಅಂತ ಕೇಳಿದ್ದಕ್ಕೆ ಹೊಟ್ಟೆ ತೋರಿಸಿ ಅಂದರು:

"ಒಂದು ಹನೀನೂ ಇಲ್ರಿ. ಆದ್ರೆ ಅಳತೆ ತಗೊಳ್ಳುವಾಗ ಮುಖಕ್ಕೇ ಹೂಸು ಬಿಡೋ ಗಿರಾಕಿ ಇದೊಂದೇ ನೋಡ್ರಿ."