ಮೂಸಿ ನೋಡದ ಡಬ್ಬಿ

ಸಿಹಿಗುಂಬಳವನ್ನು ಬೆರಳುದ್ದಕ್ಕೆ ಹೆಚ್ಚಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ಎರಡು ಬೆರಳ ನಡುವೆ ಒತ್ತಿದರೆ ಹಿಸುಕಿ ಹೋಗಬೇಕು, ಆದರೆ ಮಗು ಹಿಡಿದೆತ್ತುವಷ್ಟರಲ್ಲಿ ಮುರಿಯಬಾರದು. ಕ್ಯಾರೆಟ್ಟಿಗೆ ಐದು ನಿಮಿಷ ಜಾಸ್ತಿ. ಸೀಮೆಬದನೆ ಜಾರುತ್ತದೆ, ಅದನ್ನು ಯಾವುದಾದರೂ ಹುರಿದ ಹಿಟ್ಟಿನಲ್ಲಿ ಹೊರಳಿಸಿ ಕೊಟ್ಟರೆ ಪುಟ್ಟ ಕೈಗೆ ಹಿಡಿತ ಸಿಗುತ್ತದೆ. ಇದೆಲ್ಲ ನನಗೆ ಈಗಲೂ ಬಾಯಿಪಾಠ. ಮಗಳು ಹುಟ್ಟುವ ಮೊದಲು ನಾನು ಅಡುಗೆಮನೆಗೆ ಹೋಗುತ್ತಿದ್ದದ್ದೇ ಕಾಫಿ ಬಿಸಿ ಮಾಡಿಕೊಳ್ಳಲು.

ಆರು ತಿಂಗಳು ತುಂಬಿದ ಮೇಲೆ ಅವಳ ಬಾಯಿಗೆ ಚಮಚದಲ್ಲಿ ಗಂಜಿ ತುರುಕುವುದು ಬೇಡ, ಬೆಂದ ತರಕಾರಿಯನ್ನು ಅವಳ ಕೈಗೇ ಕೊಟ್ಟು ತಾನೇ ತಿನ್ನಲು ಬಿಡೋಣ ಎಂದು ತೀರ್ಮಾನಿಸಿದ್ದೆ. ಏನು ಮಾಡಿದರೂ ಓದಿಕೊಂಡೇ ಮಾಡುವವಳು ನಾನು. ಎರಡನೇ ವಾರದಲ್ಲಿ ನನ್ನ ತಟ್ಟೆಯ ಕಡಲೆಬೀಜದ ಚಟ್ನಿಯನ್ನು ಬೆರಳ ತುದಿಯಲ್ಲಿ ನೆಕ್ಕಿಸಿದೆ. ಅವಳ ಬಾಯಿಯ ಸುತ್ತ ಕೆಂಪು ದದ್ದು ಎದ್ದಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಈ ಮಗುವಿಗೆ ಕಡಲೆಬೀಜ ಆಗುವುದಿಲ್ಲ, ಹತ್ತಿರಕ್ಕೂ ತರಬೇಡಿ ಎಂದರು. ಅಂದಿನಿಂದ ಬ್ರೂಕ್‌ಫೀಲ್ಡಿನ ನಮ್ಮ ಬಾಡಿಗೆ ಮನೆಗೆ ಕಡಲೆಬೀಜ ಬರುವುದು ನಿಂತಿತು. ಅಂಗಡಿಯಿಂದ ತಂದ ಪ್ರತಿ ಪೊಟ್ಟಣದ ಹಿಂಭಾಗದ ಚಿಕ್ಕ ಅಕ್ಷರಗಳನ್ನು ಓದದೆ ನಾನು ಅದಕ್ಕೆ ಕತ್ತರಿ ಹಾಕುತ್ತಿರಲಿಲ್ಲ. ಆಫೀಸಿನಲ್ಲೂ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಆ ಹೆಸರಿನ ಸೊಕ್ಕೂ ಇತ್ತು.

ಹಗಲು ಮಗಳನ್ನು ನೋಡಿಕೊಳ್ಳಲು ಯಾದಗಿರಿ ಕಡೆಯ ಒಬ್ಬ ಹೆಂಗಸು ಬರುತ್ತಿದ್ದರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ದೊಡ್ಡನೆಕ್ಕುಂದಿಯಲ್ಲಿ ಒಂದು ಕೋಣೆಯ ಶೀಟಿನ ಮನೆಯಲ್ಲಿ ಅವರ ಸಂಸಾರ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು. ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನವೇ ಕೂರಿಸಿಕೊಂಡು ಹೇಳಿದೆ.

“ಅಕ್ಕ, ಕಡ್ಲೆಬೀಜ ಮಾತ್ರ ಮನೆಯೊಳಗೆ ಬರೋ ಹಾಗಿಲ್ಲ. ನೀವು ತಿಂದ್ಬಿಟ್ಟು ಅದೇ ಕೈಲಿ ಮಗುನ ಮುಟ್ಟಿದ್ರೂ ಕಷ್ಟ.”

“ಶೇಂಗಾ ಏನ್ರೀ ಅಕ್ಕಾ? ಶೇಂಗಾದಿಂದ ಕೂಸಿಗಿ ತ್ರಾಸ್ ಆಗ್ತದ?” ಅವರಿಗೆ ನಂಬಿಕೆ ಬರಲಿಲ್ಲ. ಆಮೇಲೆ ಮಗಳ ಮುಖ ನೋಡಿ, “ಆಯ್ತ್ರೀ, ತರಂಗಿಲ್ಲ,” ಎಂದರು.

ಅವರ ಕಡೆ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಹಿಂಡಿ ಎಂದರೆ ಅಲ್ಲಿ ಚಟ್ನಿಪುಡಿ. ಮಂಡ್ಯ ಕಡೆಯಲ್ಲಿ ಬೆಳೆದ ನನಗೆ ಹಿಂಡಿ ಎಂದರೆ ಹಸುವಿಗೆ ಹಾಕುವುದು. ಎಷ್ಟು ದೊಡ್ಡದನ್ನು ಬಿಡಿ ಎಂದು ಕೇಳಿದ್ದೇನೆ ಎಂಬ ಅಂದಾಜು ನನಗಿರಲಿಲ್ಲ, ಅವರೂ ಹೇಳಲಿಲ್ಲ.

ಮೊದಮೊದಲು ಅಕ್ಕನಿಗೆ ಈ ಉದ್ದುದ್ದ ತುಂಡುಗಳೆಂದರೆ ಭಯ. “ಇಷ್ಟುದ್ದ ಕೊಟ್ರ ಗಂಟಲದಾಗ ಸಿಗಬೀಳಲ್ಲೇನ್ರೀ?” ಎನ್ನುತ್ತ, ಮಗಳು ನುಂಗುವವರೆಗೆ ತಾವೂ ಬಾಯಿ ತೆರೆದುಕೊಂಡು ಎದುರಿಗೆ ಕೂರುತ್ತಿದ್ದರು. ತಿಂಗಳೊಳಗೆ ನನಗಿಂತ ಹದವಾಗಿ ಬೇಯಿಸಲು ಕಲಿತರು. ಗೆಣಸಿನ ನಾರು ತೆಗೆದು, ಬೀನ್ಸಿನ ಅಂಚು ಬಿಡಿಸಿ, ಬೀಟ್ರೂಟನ್ನು ತಣಿಸಿ ಕೊಡುತ್ತಿದ್ದರು. ಮಗಳನ್ನು ಎತ್ತಿಕೊಳ್ಳುವ ಮೊದಲು ಪ್ರತಿಸಲವೂ ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಿದ್ದರು. ವಾರಕ್ಕೊಂದು ಸೋಪು ಕರಗುತ್ತದೆಂದು ನಾನೊಮ್ಮೆ ಗಂಡನ ಹತ್ತಿರ ಗೊಣಗಿದ್ದೂ ಉಂಟು.

ನೆಲಮಹಡಿಯಲ್ಲಿ ಮನೆ ಓನರ್ ಆಂಟಿ ಇದ್ದರು. ಆ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಕುಟುಂಬ. ಮಗಳಿಗೆ ಒಂಬತ್ತು ತಿಂಗಳಾದಾಗ ಮೆಟ್ಟಿಲ ಹತ್ತಿರ ಅವಳ ಕೆನ್ನೆ ಹಿಡಿದು ನೋಡಿ, “ಮಗ ಸೊರಗೋಗೈತಲ್ಲಮ್ಮ,” ಎಂದು ಒಳಗೆ ಹೋಗಿ ಸ್ಟೀಲ್ ಡಬ್ಬ ತಂದರು. “ರಾಗಿ ಸರಿ ಕಣಮ್ಮ. ನಮ್ಮನೆ ಮಕ್ಳೆಲ್ಲ ಇದ್ನೇ ತಿಂದು ಇಂಗೆ ಗುಂಡುಗುಂಡುಗೆ ಆಗಿರೋದು.” ಮಗಳ ಅಲರ್ಜಿಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದರೆ ದೃಷ್ಟಿ ತೆಗೆಸು, ಹರಕೆ ಹೊತ್ತುಕೋ ಎಂದು ಶುರುವಾಗುತ್ತದೆ, ಯಾಕೆ ಬೇಕು ಆ ರಗಳೆ ಎಂದುಕೊಂಡಿದ್ದೆ. ಡಬ್ಬದ ಮೇಲೆ ಓದಲು ಯಾವ ಅಕ್ಷರವೂ ಇರಲಿಲ್ಲ. ಆದ್ದರಿಂದ ನನಗೆ ಅನುಮಾನವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಸೀಮೆಬದನೆಯ ತುಂಡುಗಳನ್ನು ಆ ಹಿಟ್ಟಿನಲ್ಲಿ ಹೊರಳಿಸಿದೆ. ಹೊರಳಿಸಿದವಳು ನಾನು, ಇದನ್ನು ಒತ್ತಿ ಹೇಳಬೇಕು. ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಮೀಟಿಂಗಿಗೆ ಕೂತೆ. ಹತ್ತು ನಿಮಿಷಕ್ಕೆ ಅಕ್ಕ ಬಾಗಿಲು ಬಡಿದರು. ಮಗಳ ತುಟಿ ಊದಿತ್ತು, ಕುತ್ತಿಗೆಯವರೆಗೆ ದದ್ದು ಹಬ್ಬಿತ್ತು, ಉಸಿರು ಕಟ್ಟುತ್ತಿತ್ತು, ವಾಂತಿ ಬೇರೆ. ಅಕ್ಕನನ್ನು ಮನೆಯಲ್ಲೇ ಬಿಟ್ಟು, ಮಗಳನ್ನೆತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಆಟೋದಲ್ಲಿ ಓಡಿದೆ. ಅಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಅವಳ ಉಸಿರು ಸರಿಹೋಯಿತು. ಹೊಸದೇನಾದರೂ ಕೊಟ್ಟಿರಾ ಎಂದು ಡಾಕ್ಟರು ಕೇಳಿದರು. “ಇಲ್ಲ ಡಾಕ್ಟ್ರೇ, ತರಕಾರಿ, ಸ್ವಲ್ಪ ರಾಗಿ, ಅಷ್ಟೇ,” ಎಂದೆ. ಹಾಗಾದರೆ ಎಲ್ಲೋ ಕಡಲೆಬೀಜ ತಗುಲಿದೆ, ಮನೆಯಲ್ಲಿ ಸರಿಯಾಗಿ ನೋಡಿ ಎಂದರು.

ಮನೆಯಲ್ಲಿ ನಾನು ಸರಿಯಾಗಿ ನೋಡಿದ್ದು ಅಕ್ಕನ ಊಟದ ಚೀಲವನ್ನು. ಮಧ್ಯಾಹ್ನ ನಾವು ವಾಪಸ್ಸು ಬಂದಾಗ ಅವರು ಊಟ ಮಾಡದೆ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದರು. ಮಗಳನ್ನು ನೋಡಿ ಎದ್ದು ಬಂದರು. ನಾನು ಅವರನ್ನು ದಾಟಿಕೊಂಡು ಹೋಗಿ ಚೀಲ ಬಿಚ್ಚಿದೆ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಈರುಳ್ಳಿ, ಪುಟ್ಟ ಡಬ್ಬಿಯಲ್ಲಿ ಕಂದು ಬಣ್ಣದ ಪುಡಿ.

“ಇದೇನಿದು?”

“ಹಿಂಡಿ ರೀ ಅಕ್ಕಾ. ಅಗಸಿ ಹಿಂಡಿ. ಶೇಂಗಾ ಅಲ್ರೀ.”

“ನಾನು ಅಷ್ಟೊಂದು ಹೇಳಿದ್ದೆ ತಾನೆ ನಿಮಗೆ?”

“ದೇವ್ರಾಣಿಗೂ ಅಗಸಿ ಅದ್ರೀ. ನೀವ್ ಹೇಳಿದ ದಿನದಿಂದ ಮನ್ಯಾಗೂ ಶೇಂಗಾ ಮಾಡಿಲ್ರೀ ನಾ. ಬೇಕಾರ ಮೂಸಿ ನೋಡ್ರಿ.” ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಖದ ಹತ್ತಿರ ಹಿಡಿದರು.

ನಾನು ಮುಖ ತಿರುಗಿಸಿದೆ. ಅಗಸೆಗೆ ಎಣ್ಣೆಕಾಳಿನ ಒಂದು ಘಾಟು ಇರುತ್ತದೆ, ಹುರಿದ ಕಡಲೆಬೀಜದ ಘಮವೇ ಬೇರೆ. ಒಂದು ಸಲ ಉಸಿರೆಳೆದುಕೊಂಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ನಾಳೆಯಿಂದ ಬರಬೇಡಿ ಎಂದೆ. ಅವರು ಡಬ್ಬಿಯನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು, “ಕುಂಬಳಕಾಯಿ ಬೇಯ್ಸಿ ಇಟ್ಟೀನ್ರೀ, ಕೂಸು ಎದ್ದ ಮ್ಯಾಲ ಕೊಡ್ರಿ,” ಎಂದು ಹೇಳಿ ಹೋದರು. ನಾನು ಆ ಕುಂಬಳವನ್ನು ಕಸದ ಬುಟ್ಟಿಗೆ ಸುರಿದೆ. ಸಾಲದ್ದಕ್ಕೆ, ನಮ್ಮ ಏರಿಯಾದ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ, ಮಗು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವಾಗ ಹುಷಾರು ಎಂದು ಬರೆದು, ಆದದ್ದನ್ನೆಲ್ಲ ವಿವರಿಸಿದೆ. ಯಾರ ಬಗ್ಗೆ ಬರೆದದ್ದೆಂದು ಎಲ್ಲರಿಗೂ ಗೊತ್ತಿತ್ತು.

ಹೆದರಿಕೆಯಿಂದ ಮಗಳಿಗೆ ಬರೀ ಅನ್ನ, ಕ್ಯಾರೆಟ್ ಕೊಟ್ಟುಕೊಂಡಿದ್ದೆ. ಹಿಟ್ಟಿನ ಡಬ್ಬ ಹಾಗೇ ಕೂತಿತ್ತು. ಮೂರು ವಾರದ ನಂತರ ಓನರ್ ಆಂಟಿ ಡಬ್ಬ ಕೇಳಲು ಮೇಲೆ ಬಂದರು. ಇನ್ನೂ ಖಾಲಿಯಾಗಿಲ್ಲ ಆಂಟಿ ಎಂದೆ.

“ಯಾಕಮ್ಮ, ಮಗೀಗೆ ಆಕ್ತಿಲ್ವಾ? ಬರೀ ರಾಗಿ ಅಲ್ಲ ಕಣಮ್ಮ ಅದು. ಎಸರುಕಾಳು, ಗೋಡಂಬಿ, ಎರಡಿಡಿ ಕಡ್ಲೆಬೀಜ, ಎಲ್ಲ ಉರಿದು ಆಕಿದೀನಿ. ಮಗ ಗಟ್ಟಿಯಾಗ್ಲಿ ಅಂತ.”

ಅವರು ಹೋದ ಮೇಲೆ ಡಬ್ಬ ತೆಗೆದು ಮೂಸಿದೆ. ಘಮ್ಮೆಂದಿತು. ಆಂಟಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರಿಗೆ ನಾನು ಹೇಳಿರಲೇ ಇಲ್ಲ. ಹೇಳಿದ್ದು ಒಬ್ಬರಿಗೆ, ಅವರು ಅಕ್ಷರಶಃ ಪಾಲಿಸಿದ್ದರು, ಹೊರಗೆ ಹಾಕಿದ್ದೂ ಅವರನ್ನೇ.

ಅಂದೇ ಹೋಗಿ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ನಾಚಿಕೆಗೆ ಎಷ್ಟೊಂದು ನೆಪಗಳು ಸಿಗುತ್ತವೆ: ಇವತ್ತು ಆಫೀಸು, ನಾಳೆ ಮಗಳಿಗೆ ನೆಗಡಿ, ನಾಡಿದ್ದು ಮಳೆ. ಗುಂಪಿನಲ್ಲಿ ಮಾತ್ರ ತಪ್ಪು ನನ್ನದೇ ಎಂದು ಬರೆದೆ. ನಾಲ್ಕು ಜನ ಹೆಬ್ಬೆರಳು ತೋರಿಸಿದರು, ಐದನೆಯವರು ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರು. ಹಳೆಯ ಮಾತನ್ನು ಓದಿದವರೆಲ್ಲ ಈ ಹೊಸ ಮಾತನ್ನು ಓದಲಿಲ್ಲ. ಫೋನ್ ಮಾಡಿದಾಗ ಅಕ್ಕನ ಮಗಳು ಎತ್ತಿದಳು. “ಅವ್ವಗ ಈಗ ಕೂಸು ನೋಡೋ ಕೆಲ್ಸ ಯಾರೂ ಕೊಡವಲ್ರು ರೀ. ಗಾರ್ಮೆಂಟ್ಸ್‌ನಾಗ ದಾರ ಕತ್ರಸಾಕ ಹೋಗ್ತಾಳ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಹೋದಾಗ ಮಗಳು ಒಂದೂವರೆ ವರ್ಷದವಳಾಗಿದ್ದಳು. ಭಾನುವಾರ ಬೆಳಿಗ್ಗೆ, ದೊಡ್ಡನೆಕ್ಕುಂದಿಯ ಆ ಶೀಟಿನ ಮನೆಗಳ ಸಾಲಿನಲ್ಲಿ ಅಕ್ಕ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಕಲಸಿಹೋಯಿತು.

“ಅಕ್ಕ, ನೀವು ಕೊಟ್ಟಿರ್ಲಿಲ್ಲ. ನಾನೇ ಕೊಟ್ಟಿದ್ದೆ. ನಾನು ಹಾಕಿದ ಹಿಟ್ಟಲ್ಲಿತ್ತು. ತಪ್ಪಾಯ್ತು.”

“ನಾ ಹೇಳಿದ್ನಲ್ರೀ, ಅಗಸಿ ಅಂತ,” ಎಂದರು. ಅಷ್ಟೇ. ಆಮೇಲೆ ಮಗಳ ಕಡೆ ನೋಡಿ ಮುಖ ಅರಳಿಸಿದರು. “ಎಷ್ಟ್ ಎತ್ರ ಆಗ್ಯಾಳ್ರೀ!”

ಮಗಳಿಗೆ ಅವರ ನೆನಪಿರಲಿಲ್ಲ. ಆದರೂ ಕೈಯಲ್ಲಿದ್ದ ಬೆಂದ ಕ್ಯಾರೆಟ್ಟನ್ನು ಅವರ ಕಡೆ ಚಾಚಿ, ಎತ್ತಿಕೋ ಎಂಬಂತೆ ಇನ್ನೊಂದು ಕೈಯನ್ನೂ ಮೇಲೆ ಎತ್ತಿದಳು. ಅಕ್ಕ ಒಂದು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತುಬಿಟ್ಟರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಬ್ಯಾಡ್ರೀ ಅಕ್ಕಾ, ಕೈ ತೊಳ್ದಿಲ್ಲ,” ಎಂದರು.

ಅವರ ಮೊಣಕೈಯಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ.