ಮಲೇರಿಯಾ ಮಾತ್ರೆಯ ನೆಪ

ಆ ಮಾತನ್ನು ನಾನು ಹೇಗೆ ಆಡಿದೆ ಎಂಬುದು ಈಗ ಖಚಿತವಿಲ್ಲ. ಡೈರಿಯ ಆ ಶನಿವಾರದ ಪುಟದಲ್ಲಿ ಬಿಸಿಬೇಳೆಬಾತ್ ಒಯ್ದದ್ದು ಇದೆ, ರಸ್ತೆ ದುರಸ್ತಿಯಿಂದ ತಡವಾದದ್ದು ಇದೆ. ಸುಳ್ಳು ಹೇಳಿದ್ದು ಇಲ್ಲ.

ಆರ್ಥಿಕ ಹಿಂಜರಿತದ ಎರಡನೇ ವರ್ಷ ಅದು. ಓಕ್ ಬ್ರೂಕ್‌ನ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ನನಗೆ ಕೆಲಸ. ಜಾಂಬಿಯಾದ ಒಂದು ಸಫಾರಿ ಶಿಬಿರಕ್ಕೆ ಜನರನ್ನು ಕಳಿಸುತ್ತಿದ್ದೆವು. ಕೆಲವೇ ಡೇರೆ, ಸೌರದೀಪ, ಬೇಟೆ ಇಲ್ಲ. ಜಾಗ ಕಾಡಂಚಿನ ಹಳ್ಳಿಯವರದು. ಅತಿಥಿಗಳು ಬಂದರೆ ಮಾತ್ರ ಆನೆಗಳನ್ನು ಕಾಯುವ ಆ ಹಳ್ಳಿಯ ಎಂಟು ಜನ ಕಾವಲುಗಾರರಿಗೆ ಕೆಲಸ. ಆ ವರ್ಷ ಬಂದ ಬುಕಿಂಗುಗಳೆಲ್ಲ ಒಂದೊಂದಾಗಿ ರದ್ದಾಗಿ, ಕೊನೆಗೆ ಉಳಿದದ್ದು ನಾನೇ ಕಲೆಹಾಕಿದ್ದ ಗುಂಪು: ನೇಪರ್‌ವಿಲ್ ಸುತ್ತಿನ ಐದು ಕನ್ನಡ ಕುಟುಂಬಗಳು ಮತ್ತು ನಾವು ಗಂಡ ಹೆಂಡತಿ.

ಶಿಬಿರ ನೋಡಿಕೊಳ್ಳುತ್ತಿದ್ದ ಹೆಂಗಸು ಫೋನಿನಲ್ಲಿ ಹೇಳಿದ್ದಳು: "ನಿಮ್ಮವರು ಬಂದರೆ ಮಳೆ ಬೀಳುವವರೆಗೂ ಎಂಟೂ ಜನರನ್ನು ಇಟ್ಟುಕೊಳ್ಳುತ್ತೇನೆ. ಬರದಿದ್ದರೆ ಮನೆಗೆ ಕಳಿಸಬೇಕು." ಬೇಸಿಗೆಯಲ್ಲಿ ಸುತ್ತಲಿನ ಹೊಂಡಗಳು ಒಣಗಿ, ಆನೆಗಳು ನದಿಯ ಒಂದೇ ಮಡುವಿಗೆ ಬರುತ್ತಿದ್ದವು. ದಂತಕ್ಕಾಗಿ ಹೊಂಚುವವರಿಗೂ ಅದು ಗೊತ್ತಿತ್ತು.

ನನ್ನ ಗಂಡ ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದ. ಪ್ರತಿ ಶುಕ್ರವಾರ ಲೊಂಬಾರ್ಡಿನ ನಮ್ಮ ಮನೆಗೆ ಬರುತ್ತಿದ್ದ. ಆ ವಾರ ಬುಧವಾರ ಮಧ್ಯಾಹ್ನವೇ ಬಂದ. ಕಾರಿನ ಹಿಂದಿನ ಸೀಟಿನಲ್ಲಿ ಅಲ್ಲಿನ ರೂಮಿನ ರೈಸ್ ಕುಕ್ಕರ್, ದಿಂಬು.

"ಲೇಆಫ್ ಆಯ್ತು ಅಂತ ಯಾರಿಗೂ ಹೇಳ್ಬೇಡ," ಎಂದ. "ಇನ್ನೊಂದು ಕೆಲಸ ಸಿಗ್ಲಿ, ಆಮೇಲೆ ಎರಡೂ ಒಟ್ಟಿಗೇ ಹೇಳೋಣ."

ನಮ್ಮಲ್ಲಿ ಹಾಗೇ. ಕೆಲಸ ಹೋದ ಸುದ್ದಿ, ಹೊಸ ಕೆಲಸದ ಸುದ್ದಿಯ ಬಾಲ ಹಿಡಿದೇ ಹೊರಬೀಳಬೇಕು.

ಶನಿವಾರ ಗುಂಪಿಗೆ ಹಿರಿಯರಾದ ನೇಪರ್‌ವಿಲ್‌ನ ಆಂಟಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಸಫಾರಿಯ ಖರ್ಚು ಇನ್ನು ನಮ್ಮ ಕೈಲಾಗುವಂತಿರಲಿಲ್ಲ. ನಾವಿಬ್ಬರು ಬರುವುದಿಲ್ಲ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು.

"ಯಾಕಮ್ಮ? ನೀನೇ ಹೊರಡಿಸಿದ್ದು ನಮ್ಮನ್ನ," ಎಂದರು ಆಂಟಿ.

"ಮಲೇರಿಯಾ ಮಾತ್ರೆ ಇವರಿಗೆ ಆಗಲ್ವಂತೆ ಆಂಟಿ. ಸೈಡ್ ಎಫೆಕ್ಟ್ ಜಾಸ್ತಿ ಅಂದ್ರು ಡಾಕ್ಟ್ರು."

ಮೊಸರನ್ನದ ಚಮಚ ಹಿಡಿದ ಕೈಗಳು ನಿಂತವು. ಧಾರವಾಡದ ಕಡೆಯ ಅಂಕಲ್ ನಕ್ಕರು. "ಅಡಗಿ ಮಾಡಿದಾಕಿನ ಉಣ್ಣಂಗಿಲ್ಲ ಅಂದ್ರ, ನಾವ್ಯಾಕ್ರೀ ಎಲಿ ಮುಂದ ಕೂಡೂದು?"

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ನಗದೆ ಇದ್ದರೆ ಏನಾಗುತ್ತಿತ್ತೋ.

ಸೋಮವಾರ ಸಂಜೆಯೊಳಗೆ ಐದೂ ಕುಟುಂಬಗಳು ಹಿಂದೆ ಸರಿದವು. ಒಬ್ಬರು ಬಿಟ್ಟರೆ ಎಲ್ಲರೂ ಬಿಡುವ ಗುಂಪು ಅದು, ನನಗೆ ಗೊತ್ತಿರಬೇಕಿತ್ತು. ಶಿಬಿರಕ್ಕೆ ಫೋನ್ ಮಾಡಿ ಆ ಹೆಂಗಸಿಗೆ ತಿಳಿಸಿದೆ. "ಹಾಗಾದರೆ ಇವತ್ತೇ ಅವರಿಗೆ ಹೇಳುತ್ತೇನೆ," ಎಂದಳು.

ಮೂರು ವಾರದ ಮೇಲೆ ಒಂದು ಚಿತ್ರ ಕಳಿಸಿದಳು. ಮಡುವಿನ ಮೇಲೆ ಬಿಳಿಚಿದ ಆಕಾಶ, ಅದರಲ್ಲಿ ರಣಹದ್ದುಗಳು. ಕೆಳಗೆ ಏನಿದೆಯೆಂದು ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಸತ್ತದ್ದು ಒಂದು ಹೆಣ್ಣಾನೆ, ಎರಡು ಮರಿ ಎಂದು ಆಕೆ ಬರೆದಿದ್ದಳು. ಅಲ್ಲಿ ಹೆಣ್ಣಾನೆಗೂ ದಂತವಿರುತ್ತದೆ, ಮರಿಗಳಿಗೆ ದಂತವೇ ಇರಲಿಲ್ಲ. ದಾರಿ ತಿಳಿದವರ ಕೆಲಸ ಎಂದು ಹಳ್ಳಿಯಲ್ಲಿ ಮಾತು. ಯಾರೆಂದು ಯಾರೂ ಹೇಳುತ್ತಿಲ್ಲ. ಮನೆಗೆ ಕಳಿಸಿದ ಎಂಟು ಜನರಲ್ಲಿ ಒಬ್ಬ ಹಳ್ಳಿಯಲ್ಲಿ ಕಾಣಿಸುತ್ತಿಲ್ಲ.

ಚಳಿಗಾಲಕ್ಕೆ ಮುಂಚೆ ಗಂಡನಿಗೆ ಕೆಲಸ ಸಿಕ್ಕಿತು. ಆಂಟಿಗೆ ಎಲ್ಲವನ್ನೂ ಹೇಳಿದೆ.

"ಅಯ್ಯೋ, ಅದಕ್ಕಾ?" ಎಂದರು. "ನಮ್ಮನೇಲೂ ಆವಾಗ ಅದೇ ಕಥೆ ಕಣಮ್ಮ. ನಿನ್ನ ಮಾತ್ರೆ ನೆಪ ನಮ್ಮನ್ನೂ ಉಳಿಸ್ತು."

ಅವರು ನಿಜಕ್ಕೂ ಹಾಗೆಯೇ ಹೇಳಿದರೇ? ಅಥವಾ ನನಗೆ ಬೇಕಾದಂತೆ ನಾನು ಕೇಳಿಸಿಕೊಂಡೆನೇ? ಸುಳ್ಳು ಹೇಳದಿದ್ದರೂ ಯಾರೂ ಹೋಗುತ್ತಿರಲಿಲ್ಲ ಎಂದುಕೊಂಡರೆ ಮನಸ್ಸು ಹಗುರಾಗುತ್ತದೆ. ಅದಕ್ಕೇ ಆ ನೆನಪನ್ನು ನಂಬಲು ಹೆದರುತ್ತೇನೆ.

ಮಾರನೆಯ ವಾರ ಶಿಬಿರದಾಕೆಯ ಕೊನೆಯ ಕಾಗದ ಬಂತು. ಮಳೆ ಇನ್ನೂ ಬಂದಿಲ್ಲ. ಮಡುವಿನ ಮೇಲೆ ಮತ್ತೆ ರಣಹದ್ದುಗಳು ಸುತ್ತುತ್ತಿವೆ. ಹೋಗಿ ನೋಡಲು ಈ ಸಲ ಯಾರೂ ಇಲ್ಲ.